ಜೋಮರಾಯನ ಬಿಳಿ ಕಂಬಳಿ

ನದಿಗಳು ಈಗಿನ ದಾರಿ ಹಿಡಿಯುವುದಕ್ಕೂ ಮುಂಚೆ, ಮೃಗಗಳಿಗೂ ಹಾವುಗಳಿಗೂ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ, ಸುಣ್ಣಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಬೆಟ್ಟ ಬಿಳಿ, ಮಣ್ಣು ಬಿಳಿ, ಬೆಳಗಿನ ಮಂಜೂ ಬಿಳಿ. ಮಂಜು ಇಳಿದಾಗ ಊರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಆ ರಾಜ್ಯದಲ್ಲಿ ಪುಟ್ಟೀರಿ ಎಂಬ ಹೆಣ್ಣುಮಗಳಿದ್ದಳು. ಮುರಿದ ಮೂಳೆ ಕೂಡಿಸುವುದು, ಜಾರಿದ ಕೀಲು ಕೂರಿಸುವುದು ಅವಳ ಕಸುಬು. ಕಲಿಸಿದವಳು ತಾಯಿ. ತಾಯಿ ಒಂದು ಮಡಕೆಯನ್ನು ಒಡೆದು, ಚೂರುಗಳನ್ನೆಲ್ಲ ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಚೀಲದ ಹೊರಗಿನಿಂದಲೇ ಮಡಕೆಯನ್ನು ಜೋಡಿಸು ಎನ್ನುತ್ತಿದ್ದಳು. ಏಳು ವರ್ಷ ಪುಟ್ಟೀರಿ ಮಡಕೆ ಜೋಡಿಸಿದಳು. ಎಂಟನೆಯ ವರ್ಷ ತಾಯಿ ಅವಳ ಕೈಯನ್ನು ತನ್ನ ಮೊಣಕಾಲಿನ ಮೇಲಿಟ್ಟು, ಚರ್ಮ ಅನ್ನುವುದೂ ಒಂದು ಚೀಲವೇ, ಆದರೆ ಇದರೊಳಗಿನದು ಕೂಗುತ್ತದೆ, ಆ ಕೂಗು ಎಲ್ಲಿಂದ ಬಂತೋ ಅಲ್ಲಿಗೆ ಕೈ ಹೋಗಬೇಕು ಎಂದಿದ್ದಳು.

ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ, ಪುಟ್ಟೀರಿ ಮತ್ತು ಅವಳ ಅಣ್ಣ ಭರಮಣ್ಣ. ಭರಮಣ್ಣ ಕಾಡಿನಿಂದ ಸೊಪ್ಪು ತರುತ್ತಿದ್ದ, ಬಿದಿರಿನ ದಬ್ಬೆ ಸೀಳಿ ಕೊಡುತ್ತಿದ್ದ. ಇವಳು ಉದ್ದಿನ ಹಿಟ್ಟನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ ಬಟ್ಟೆಗೆ ಸವರಿ, ದಬ್ಬೆಯಿಟ್ಟು ಕಟ್ಟು ಹಾಕುತ್ತಿದ್ದಳು. ಬೆಳಗಾದರೆ ಸಾಕು, ಹೊಸ್ತಿಲಲ್ಲಿ ಯಾರಾದರೊಬ್ಬರು ನರಳುತ್ತ ಕೂತಿರುತ್ತಿದ್ದರು.

ಹೀಗಿರುವಾಗ ಒಂದು ದಿನ ಸುಣ್ಣಗಿರಿಯ ದೊರೆ ಮಾನಭೂಪ ಕುದುರೆಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಅರಮನೆಯಿಂದ ಕರೆ ಬಂತು. ಪುಟ್ಟೀರಿ ಹೋಗಿ ಎಳೆದು ಕೂಡಿಸಿ ಕಟ್ಟು ಹಾಕಿ, ನಲವತ್ತೆಂಟು ದಿನ ಅಲುಗಾಡದೆ ಮಲಗಬೇಕು, ನೋವಿರುತ್ತದೆ, ತಡೆದುಕೊಳ್ಳಬೇಕು ಎಂದು ಹೇಳಿ ಬಂದಳು. ಒಂಬತ್ತು ದಿನ ದೊರೆ ತಡೆದುಕೊಂಡ. ಹತ್ತನೆಯ ದಿನ, ಈ ನೋವನ್ನು ಯಾರು ತೆಗೆದುಬಿಡುತ್ತಾರೋ ಅವರು ಕೇಳಿದ್ದನ್ನು ಕೊಡುತ್ತೇನೆ ಎಂದು ಡಂಗುರ ಸಾರಿಸಿದ.

ಹನ್ನೊಂದನೆಯ ದಿನ ಮಂಜಿನೊಳಗಿಂದ ಒಬ್ಬ ಮಾಯಗಾರ ಬಂದ. ಹೆಸರು ಜೋಮರಾಯ. ಕೈಗೆ ರೇಷ್ಮೆಯ ಚೀಲ ತೊಟ್ಟಿದ್ದ, ಕಾಲಿಗೆ ರೇಷ್ಮೆ ಸುತ್ತಿದ್ದ. ಮುಖ ಮೇಣದ ಹಾಗೆ ನುಣುಪಾಗಿತ್ತು. ಕಂಕುಳಲ್ಲಿ ಒಂದು ಬಿಳಿ ಕಂಬಳಿ. ಅದನ್ನು ಅರಮನೆಯ ಅಂಗಳದಲ್ಲಿ ಹಾಸಿ, ಇದನ್ನು ಪೂರ್ವದಿಂದ ಪಶ್ಚಿಮಕ್ಕೆ ಒಂದು ಸಲ ದಾಟಿದವರ ನೋವು ಕಂಬಳಿಯಲ್ಲೇ ಉಳಿಯುತ್ತದೆ, ದೊರೆಗೊಬ್ಬನಿಗೇ ಏಕೆ, ಊರಿಗೆಲ್ಲ ಈ ಸುಖವಾಗಲಿ ಎಂದ. ದೊರೆಯನ್ನು ನಾಲ್ವರು ಹೊತ್ತು ದಾಟಿಸಿದರು. ಆಚೆ ದಡ ಮುಟ್ಟುತ್ತಲೇ ದೊರೆ ನಗುತ್ತ ಇಳಿದು, ಮುರಿದ ಕಾಲಿನ ಮೇಲೆಯೇ ನಡೆದುಹೋದ.

ಅಂದು ಸಂಜೆಯವರೆಗೂ ಜನ ಸಾಲುಗಟ್ಟಿ ದಾಟಿದರು. ಮುದುಕರು ದಾಟಿದರು, ಬಸುರಿಯರು ದಾಟಿದರು, ತಾಯಂದಿರು ಎಳೆಗೂಸುಗಳನ್ನು ಎತ್ತಿಕೊಂಡು ದಾಟಿದರು. ಪುಟ್ಟೀರಿಯೂ ದಾಟಿದಳು. ಅವಳನ್ನು ಯಾರೂ ಬಲವಂತ ಮಾಡಲಿಲ್ಲ. ಇಷ್ಟು ವರ್ಷ ಬೇರೆಯವರ ಕೂಗು ಕೇಳಿ ಕೇಳಿ ಅವಳಿಗೆ ದಣಿವಾಗಿತ್ತು. ಕೊನೆಗೆ ಜೋಮರಾಯ ಕಂಬಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡ. ನಿಮ್ಮ ಬೇಡಿಕೆ ಏನು ಎಂದು ದೊರೆ ಕೇಳಿದರೆ, ಆಮೇಲೆ ಕೇಳುತ್ತೇನೆ ಎಂದು ಹೇಳಿ ಮಂಜಿನೊಳಗೆ ಹೊರಟುಹೋದ.

ಮೊದಮೊದಲು ಎಲ್ಲರಿಗೂ ಹಾಯೆನಿಸಿತು. ಸುಣ್ಣಗಿರಿಯ ಜನ ನೀರಿನೊಳಗೆ ನಡೆಯುವವರ ಹಾಗೆ ಮೆಲ್ಲಗೆ, ಹಗುರಾಗಿ ಓಡಾಡಿದರು. ಕೂತವರಿಗೆ ಕೂತದ್ದು ತಿಳಿಯದು, ನಿಂತವರಿಗೆ ನಿಂತದ್ದು ತಿಳಿಯದು. ಗಾಳಿ ಬೀಸಿದರೆ ಎಲೆ ಅಲುಗುವುದು ಕಾಣುತ್ತಿತ್ತು, ಮೈಗೆ ತಾಗುತ್ತಿರಲಿಲ್ಲ. ಇಡೀ ರಾಜ್ಯ ಒಂದು ದೊಡ್ಡ ಕನಸಿನೊಳಗೆ ಎಚ್ಚರವಾಗಿದ್ದಂತಿತ್ತು. ಪುಟ್ಟೀರಿಯ ಹೊಸ್ತಿಲು ಖಾಲಿಯಾಯಿತು.

ತಿಂಗಳು ಕಳೆದ ಮೇಲೆ ಪಕ್ಕದ ಮನೆಯ ಸಾತವ್ವ ಹಿಟ್ಟು ಕೇಳಲು ಬಂದಳು. ಅವಳ ಬಲಗೈ ಮಣಿಕಟ್ಟಿನವರೆಗೆ ಸುಟ್ಟು ಕರಿಯಾಗಿತ್ತು. ಒಲೆಯ ಪಕ್ಕ ಮಾತಾಡುತ್ತ ಕೂತಿದ್ದೆ, ಕೈ ಬೆಂಕಿಯಲ್ಲಿತ್ತು ಅಂತ ಕಾಣುತ್ತದೆ ಎಂದು ಸಾತವ್ವ ನಕ್ಕಳು. ಮರುದಿನ ಒಬ್ಬ ಕಣಕಾಲಿನ ಮೂಳೆ ಚರ್ಮ ಹರಿದು ಹೊರಗೆ ಬಂದಿದ್ದರೂ ಗೊತ್ತಿಲ್ಲದೆ ನಡೆದುಕೊಂಡು ಹೋಗುತ್ತಿದ್ದ. ಪುಟ್ಟೀರಿ ಅವನನ್ನು ಕೂರಿಸಿ ಒತ್ತಿ ಒತ್ತಿ, ಇಲ್ಲಿ ನೋವಿದೆಯಾ, ಇಲ್ಲಿ ಎಂದು ಕೇಳಿದಳು. ಎಲ್ಲಿ ಒತ್ತಿದರೂ ಅವನು ಇಲ್ಲ ಎನ್ನುತ್ತಿದ್ದ. ಅವಳ ಬೆರಳಿಗೂ ಏನೂ ತಿಳಿಯಲಿಲ್ಲ. ಚೀಲದೊಳಗಿನ ಚೂರುಗಳು ಅವಳ ಪಾಲಿಗೆ ಮೌನವಾಗಿದ್ದವು. ಬೀದಿಯಲ್ಲಿ ಬಾಣಂತಿಯೊಬ್ಬಳು ಕೂಸನ್ನು ಎದೆಗೊತ್ತಿಕೊಂಡು ಕೂತಿದ್ದಳು. ಕೂಸು ಅಳುತ್ತಿರಲಿಲ್ಲ. ಎತ್ತಿಕೊಂಡದ್ದೂ ಅದಕ್ಕೆ ತಿಳಿಯದು, ಇಳಿಸಿದ್ದೂ ತಿಳಿಯದು. ಸುಮ್ಮನೆ ಕಣ್ಣು ಬಿಟ್ಟುಕೊಂಡಿತ್ತು. ಪುಟ್ಟೀರಿಗೆ ಅಂದು ಭಯವಾಯಿತು.

ಆರು ತಿಂಗಳಿಗೆ ಜೋಮರಾಯನ ಬೇಡಿಕೆ ಬಂತು. ಏಳು ದಿನದ ದಾರಿಯಾಚೆ ಅವನೊಂದು ಗೋಪುರ ಕಟ್ಟಿಸುತ್ತಿದ್ದಾನೆ, ಕಲ್ಲು ಹೊರುವುದಕ್ಕೆ ಮನೆಗೊಬ್ಬರು ಬರಬೇಕು. ಮಾತು ಕೊಟ್ಟಿದ್ದ ದೊರೆ ಒಪ್ಪಿದ. ಭರಮಣ್ಣನೂ ಹೊರಟ. ಬೇಡ ಎಂದು ತಂಗಿ ಕೈ ಹಿಡಿದಳು. ಹಿಡಿದದ್ದು ಅವನಿಗೆ ತಿಳಿಯಲಿಲ್ಲ, ಮಾತಾಡುತ್ತಲೇ ನಡೆದುಬಿಟ್ಟ, ಅವಳ ಕೈ ತಾನಾಗಿ ಜಾರಿತು.

ಸುಗ್ಗಿ ಮುಗಿಯುವ ಹೊತ್ತಿಗೆ ಅಲ್ಲಿಂದ ಒಬ್ಬ ಗಾಡಿಯವನು ವಾಪಸು ಬಂದ. ಅವನ ಹೆಗಲಿನ ಚರ್ಮ ಸವೆದು ಮೂಳೆ ಕಾಣುತ್ತಿತ್ತು. ಅಲ್ಲಿ ಜನ ನಿಲ್ಲದೆ ಕಲ್ಲು ಹೊರುತ್ತಾರೆ, ಯಾರಿಗೂ ಸಾಕೆನಿಸುವುದಿಲ್ಲ, ಹೊರುತ್ತ ಹೊರುತ್ತ ಬೀಳುತ್ತಾರೆ, ಬಿದ್ದವರು ಏಳುವುದಿಲ್ಲ ಎಂದು ಅವನು ಮಳೆ ಬಿಸಿಲಿನ ಸುದ್ದಿ ಹೇಳುವವನ ಹಾಗೆ ಹೇಳಿದ. ಅಣ್ಣ ಇದ್ದಾನೆಯೇ ಎಂದು ಕೇಳಿದಳು. ಇದ್ದಾನೆ, ಎಡಗೈ ಬೆರಳುಗಳು ಮಾತ್ರ ಜಜ್ಜಿಹೋಗಿವೆ ಎಂದ.

ಪುಟ್ಟೀರಿ ದಬ್ಬೆ, ಬಟ್ಟೆ, ಹಿಟ್ಟು, ಎಳ್ಳೆಣ್ಣೆಯ ಕುಡಿಕೆ ಕಟ್ಟಿಕೊಂಡು ಹೊರಟಳು.

ನೋವಿಲ್ಲದ ಮೈ ಹೊತ್ತು ದೂರ ನಡೆಯುವುದು ಸುಲಭವಲ್ಲ. ಮುಳ್ಳು ಹೊಕ್ಕರೂ ಕಾಲು ಹೇಳುವುದಿಲ್ಲ. ಪುಟ್ಟೀರಿ ದಿನಾ ಸೂರ್ಯ ಇಳಿಯುವ ಮುಂಚೆ ಒಂದು ಬಂಡೆಯ ಮೇಲೆ ಕೂತು, ಅಂಗಾಲು, ಬೆರಳಿನ ಸಂದು, ಮೊಣಕೈ, ಹಿಮ್ಮಡಿ ಎಲ್ಲವನ್ನೂ ಕಣ್ಣಿನಿಂದ ಹುಡುಕುತ್ತಿದ್ದಳು. ತನ್ನ ಮೈಯನ್ನು ಪರರ ಮೈಯಂತೆ ನೋಡಿ, ಮುಳ್ಳು ಕಿತ್ತು, ಗಾಯ ತೊಳೆದು ಕಟ್ಟಿ ಮಲಗುತ್ತಿದ್ದಳು.

ಏಳನೆಯ ದಿನ ಜೋಮರಾಯನ ಬೆಟ್ಟ ಕಂಡಿತು. ತುದಿಯಲ್ಲಿ ಬಿಳಿಯ ಗೋಪುರ, ದಾರಿಯಲ್ಲಿ ಮೂರು ಬಾಗಿಲು. ಒಂದು ರಾಜ್ಯದ ನೋವೆಲ್ಲ ಕಂಬಳಿಯಲ್ಲಿ ತುಂಬಿ ಭಾರವಾದಾಗ ಜೋಮರಾಯ ಅದನ್ನು ದಾರಿಯುದ್ದಕ್ಕೂ ಮೂರು ಸಲ ಕೊಡವಿದ್ದ. ಮೂಳೆಯ ನೋವು ಒಂದು ಪ್ರಾಣಿಯ ಮೈ ಸೇರಿತು, ಕೀಲಿನ ನೋವು ಇನ್ನೊಂದರ, ಚರ್ಮದ ನೋವು ಮತ್ತೊಂದರ ಮೈ ಸೇರಿತು. ನೋವಿನಿಂದ ಹುಚ್ಚೆದ್ದ ಆ ಮೂರನ್ನೂ ಅವನು ಬಾಗಿಲ ಕಾವಲಿಗೆ ಬಿಟ್ಟಿದ್ದ.

ಮೊದಲನೆಯ ಬಾಗಿಲಲ್ಲಿ ಆನೆಯಿತ್ತು. ಅದರ ಮುಂಗಾಲು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದು ಮರ ಕಿತ್ತು ಎಸೆಯುತ್ತಿತ್ತು, ಬಂಡೆಗೆ ಹಣೆ ಚಚ್ಚುತ್ತಿತ್ತು. ಪುಟ್ಟೀರಿ ಸೊಂಡಿಲು ತಲುಪದಷ್ಟು ದೂರದಲ್ಲಿ ಕೂತು ನೋಡಿದಳು. ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಮೂರನೆಯ ದಿನ ಆನೆಯೇ ಕೇಳಿತು, ಎಲ್ಲರೂ ಓಡಿಹೋಗುತ್ತಾರೆ, ನೀನೇಕೆ ಕೂತಿದ್ದೀಯ ಎಂದು.

“ಆನೆಯಪ್ಪ, ನಿನ್ನ ಎಡಗಾಲಿನ ಮೂಳೆ ತಪ್ಪಾಗಿ ಕೂಡಿದೆ. ಅದನ್ನು ಮತ್ತೆ ಮುರಿದು ನೆಟ್ಟಗೆ ಕೂಡಿಸಬೇಕು. ಈಗಿರುವ ನೋವಿಗಿಂತ ಹೆಚ್ಚು ನೋವಾಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಒಪ್ಪಿಗೆಯಾದರೆ ಹೇಳು.”

ಆನೆ ಪಕ್ಕಕ್ಕೆ ಮಲಗಿ ಕಾಲು ಚಾಚಿತು. ಪುಟ್ಟೀರಿ ಎರಡು ಬಂಡೆಗಳ ನಡುವೆ ಕಾಲಿರಿಸಿ, ಮರದ ದಿಮ್ಮಿಯ ತುದಿಗೆ ತನ್ನ ಇಡೀ ಭಾರ ಹಾಕಿ ಜಗ್ಗಿದಳು. ಮೂಳೆ ಲಟಕ್ಕೆಂದಿತು. ಆನೆಯ ಕೂಗಿಗೆ ಬೆಟ್ಟದ ಮಂಜೆಲ್ಲ ಹರಿದುಹೋಯಿತು. ಅದು ಸೊಂಡಿಲೆತ್ತಿದರೂ ಅವಳ ಮೇಲೆ ಬೀಸಲಿಲ್ಲ. ಅವಳು ಮೂಳೆಯ ತುದಿಗಳನ್ನು ನೇರ ಹಿಡಿದು, ಸೊಪ್ಪರೆದು ಹಚ್ಚಿ, ಮರದ ತೊಗಟೆಗಳನ್ನೇ ದಬ್ಬೆ ಮಾಡಿ ಕಟ್ಟಿದಳು. ಕಟ್ಟಿನ ಕೊನೆಯ ಗಂಟು ಬಿಗಿಯುತ್ತಿದ್ದಂತೆ ನೋವು ಆನೆಯ ಕಾಲಿನಿಂದ ಎದ್ದು ಅವಳ ಬೆರಳಿಗೆ ಹತ್ತಿತು, ಮುಂಗೈಗೆ ಬಂತು, ಬೆನ್ನುಮೂಳೆಯುದ್ದಕ್ಕೂ ಇಳಿದು ಕೂತಿತು. ದೂರದಲ್ಲಿ ನಗಾರಿ ಬಾರಿಸಿದ ಹಾಗೆ ಆಳದಲ್ಲಿ ಮಿಡಿಯುವ ನೋವು. ವರ್ಷದ ಮೇಲೆ ಪುಟ್ಟೀರಿಗೆ ತನ್ನೊಳಗೊಂದು ಎಲುಬಿನ ಗೂಡಿದೆ ಎಂದು ತಿಳಿಯಿತು. ಅವಳು ಅತ್ತಳು.

ಒಂದು ರಾಜ್ಯದ ನೋವು ಒಂದೇ ಮೈಯಲ್ಲಿ ಹೇಗೆ ಹಿಡಿಸಿತು ಎಂದು ಕೇಳಬಹುದು. ನೋವು ಒಬ್ಬರ ಮೈಯಲ್ಲಿ ಒಬ್ಬರಷ್ಟೇ ಎಚ್ಚರವಾಗುತ್ತದೆ. ಉಳಿದದ್ದು ಕಣಜದ ಬೀಜದ ಹಾಗೆ ಮಲಗಿರುತ್ತದೆ. ಆನೆಯ ಮೈಯಲ್ಲೂ ಹಾಗೆಯೇ ಇತ್ತು.

ಎರಡನೆಯ ಬಾಗಿಲು ಒಂದು ಕಣಿವೆಯ ಸಂದು. ಅಲ್ಲಿ ಹೆಬ್ಬಾವೊಂದು ಗೋಡೆಯ ಹಾಗೆ ನೆಟ್ಟಗೆ ಅಡ್ಡ ಮಲಗಿತ್ತು. ಹಾವಿನ ಮೈಯೆಲ್ಲ ಕೀಲು. ಆ ಕೀಲುಗಳೆಲ್ಲ ತುಕ್ಕು ಹಿಡಿದ ಬಾಗಿಲ ತಿರುಗಣೆಯಂತೆ ಬಿಗಿದುಹೋಗಿ, ಸುರುಳಿ ಸುತ್ತಿಕೊಳ್ಳುವುದಕ್ಕೂ ಅದಕ್ಕೆ ಆಗುತ್ತಿರಲಿಲ್ಲ. ಹತ್ತಿರ ಬಂದವರನ್ನು ಬಾಯಿ ತೆರೆದು ಎಳೆದುಕೊಳ್ಳುತ್ತಿತ್ತು. ಪುಟ್ಟೀರಿ ಎಣ್ಣೆ ಕುಡಿಕೆ ತೋರಿಸಿ, ಒಂದೊಂದೇ ಕೀಲನ್ನು ಸಡಿಲಿಸುತ್ತೇನೆ ಎಂದಳು.

ಒಂದು ಕೀಲು ಬಿಟ್ಟರೂ ನಿನ್ನನ್ನು ನುಂಗುತ್ತೇನೆ ಎಂದಿತು ಹೆಬ್ಬಾವು.

ಅವಳು ತಲೆಯ ಹಿಂದಿನಿಂದ ಶುರುಮಾಡಿದಳು. ಎಣ್ಣೆ ತಿಕ್ಕುವುದು, ಹೆಬ್ಬೆರಳಿಂದ ಒತ್ತುವುದು, ಟಕ್ ಎಂದ ಮೇಲೆ ಮುಂದಿನದಕ್ಕೆ ಹೋಗುವುದು. ತಿಕ್ಕುವುದು, ಒತ್ತುವುದು, ಮುಂದೆ ಹೋಗುವುದು. ಬಿಸಿಲು ಏರಿತು, ಇಳಿಯಿತು, ಮತ್ತೆ ಏರಿತು. ನೂರು ಕಳೆಯಿತು, ಇನ್ನೂರು ಕಳೆಯಿತು. ಹಾವಿಗೆ ಮಂಪರು ಕವಿಯಿತು, ಅವಳಿಗೂ ಕವಿಯಿತು. ಯಾರು ಯಾರ ಕನಸಿನಲ್ಲಿದ್ದಾರೆ ಎಂಬುದು ಇಬ್ಬರಿಗೂ ಮರೆತುಹೋದಂತಿತ್ತು. ಮುನ್ನೂರು ದಾಟಿ ಬಾಲದ ತುದಿಗೆ ಬಂದಾಗ ಅವಳಿಗೆ ಥಟ್ಟನೆ ಅನುಮಾನ ಬಂತು. ನಡುವಿನಲ್ಲೆಲ್ಲೋ ಒಂದು ಕೀಲು ಟಕ್ ಎಂದಿರಲಿಲ್ಲ. ತೂಕಡಿಕೆಯಲ್ಲಿ ದಾಟಿಬಿಟ್ಟಿದ್ದಳು.

ಹಾವಿಗೆ ಅದು ಗೊತ್ತಿರಲಿಲ್ಲ. ಸುಮ್ಮನೆ ಮುಗಿಯಿತು ಎನ್ನಬಹುದಿತ್ತು. ಪುಟ್ಟೀರಿ ಹಾಗೆನ್ನಲಿಲ್ಲ. ನಿದ್ದೆ ಬಂದು ಒಂದನ್ನು ಬಿಟ್ಟಿದ್ದೇನೆ, ಹುಡುಕುತ್ತೇನೆ, ತಾಳು ಎಂದು ಬಾಯಿಬಿಟ್ಟು ಹೇಳಿದಳು. ಹಾವು ತಲೆ ತಿರುಗಿಸಿ, ಬಾಯಿ ತೆರೆದು, ಅವಳ ಬೆನ್ನ ಹಿಂದೆಯೇ ಕಾದಿತು. ಅವಳು ಬಾಲದಿಂದ ಹಿಂದಕ್ಕೆ ಬೆರಳಾಡಿಸುತ್ತ ಹೋದಳು. ನಡುಹೊಟ್ಟೆಯ ಹತ್ತಿರ ಅದು ಸಿಕ್ಕಿತು. ಒತ್ತಿದಳು. ಟಕ್ ಎಂದಿತು. ಹಾವು ಬಾಯಿ ಮುಚ್ಚಿ ಒಂದು ಸುತ್ತು ಸುತ್ತಿಕೊಂಡಿತು, ಎರಡು ಸುತ್ತು ಸುತ್ತಿಕೊಂಡಿತು, ಮೂರನೆಯ ಸುತ್ತಿಗೆ ನಿದ್ದೆಹೋಯಿತು. ಬಾಗಿಲು ತೆರೆಯಿತು.

ಕೀಲಿನ ನೋವು ಪುಟ್ಟೀರಿಯ ಮೊಣಕಾಲು, ಮೊಣಕೈ, ಬೆರಳ ಗೆಣ್ಣುಗಳಲ್ಲಿ ಬಂದು ಕೂತಿತು. ಹೆಜ್ಜೆ ಹೆಜ್ಜೆಗೂ ಕಾಲು ಕಿರುಗುಟ್ಟಿತು. ಆದರೆ ಈಗ ಕಣ್ಣು ಮುಚ್ಚಿಕೊಂಡರೂ ತನ್ನ ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂದು ಅವಳಿಗೆ ತಿಳಿಯುತ್ತಿತ್ತು.

ಮೂರನೆಯ ಬಾಗಿಲು ಬಯಲು. ಮರವಿಲ್ಲ, ನೆರಳಿಲ್ಲ. ನಡುವೆ ಒಂದು ಜಿಂಕೆ ನಿಂತಿತ್ತು. ಚರ್ಮದ ನೋವೆಲ್ಲ ಅದರ ಮೈಯಲ್ಲಿ. ಬಿಸಿಲು ಬಿದ್ದರೆ ಉರಿ, ಗಾಳಿ ಸೋಕಿದರೆ ಉರಿ. ಅದು ಉಸಿರು ಬಿಟ್ಟ ಕಡೆ ಹುಲ್ಲು ಹೊತ್ತಿಕೊಳ್ಳುತ್ತಿತ್ತು. ಪುಟ್ಟೀರಿ ಸೊಪ್ಪಿನ ರಸ ಮಾಡಿ ಹಚ್ಚಲು ಹೋದಳು. ಬೆರಳು ತಾಗುವ ಮೊದಲೇ ಜಿಂಕೆ ಚೀರಿತು. ಅವಳ ಮುಂಗೈ ತುಂಬ ಬೊಬ್ಬೆ ಎದ್ದವು. ಚರ್ಮಕ್ಕಿನ್ನೂ ಜೋಮು ಇದ್ದುದರಿಂದ ಅವಳಿಗೆ ಉರಿ ತಿಳಿಯಲಿಲ್ಲ, ಬೊಬ್ಬೆ ಮಾತ್ರ ಕಂಡಿತು. ಎರಡನೆಯ ಸಲ ನೀರು ಚಿಮುಕಿಸಿದಳು. ಜಿಂಕೆಗೆ ಹನಿಹನಿಯೂ ಸೂಜಿಯಾಯಿತು, ಅದು ಇನ್ನಷ್ಟು ಚೀರಿತು.

ತನ್ನ ಕೈಗಳಿಂದ ಇಲ್ಲಿ ಏನೂ ಆಗದು ಎಂದು ಪುಟ್ಟೀರಿಗೆ ತಿಳಿಯಿತು. ಕೈ ಕಟ್ಟಿಕೊಂಡು ನಿಂತಳು. ನಿಂತಾಗ ಅವಳ ನೆರಳು ಜಿಂಕೆಯ ಬೆನ್ನಿನ ಮೇಲೆ ಬಿತ್ತು. ಜಿಂಕೆ ಸುಮ್ಮನಾಯಿತು.

ಅವಳು ಅಲ್ಲಿಂದ ಕದಲಲಿಲ್ಲ. ಸೂರ್ಯ ಸರಿದಂತೆ ತಾನೂ ಒಂದು ಗೇಣು ಸರಿಯುತ್ತ, ಬಿಸಿಲಿಗೂ ಜಿಂಕೆಗೂ ನಡುವೆ ನಿಂತಳು. ನಡುಹಗಲಲ್ಲಿ ನೆರಳು ಕುಗ್ಗಿದಾಗ ಸೆರಗನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದಳು. ಮೊಣಕಾಲು ನಡುಗಿತು, ಬೆನ್ನುಮೂಳೆ ಮಿಡಿಯಿತು, ಸೀರೆಯ ಅಂಚು ಜಿಂಕೆಯ ಉಸಿರಿಗೆ ಕಮರಿತು. ಅವಳು ಮಾತಾಡಲಿಲ್ಲ, ಮುಟ್ಟಲಿಲ್ಲ. ನೆರಳು ಮತ್ತೆ ಉದ್ದವಾಗುವ ಹೊತ್ತಿಗೆ ಜಿಂಕೆ ತಾನಾಗಿ ಒಂದು ಹೆಜ್ಜೆ ಹತ್ತಿರ ಬಂತು. ಇನ್ನೊಂದು ಹೆಜ್ಜೆ ಬಂತು. ಮೂರನೆಯ ಹೆಜ್ಜೆಗೆ ಮೂತಿಯನ್ನು ಅವಳ ಕುತ್ತಿಗೆಗೆ ಆನಿಸಿತು.

ಮೆಣಸಿನಕಾಯಿ ಅರೆದು ಮೈಗೆಲ್ಲ ಬಳಿದಂತೆ ಪುಟ್ಟೀರಿಗೆ ಉರಿಯಿತು. ದಾರಿಯಲ್ಲಿ ಚುಚ್ಚಿದ್ದ ಮುಳ್ಳು, ತರಚಿದ್ದ ಕಲ್ಲು, ಎದ್ದಿದ್ದ ಬೊಬ್ಬೆ ಎಲ್ಲವೂ ಒಟ್ಟಿಗೆ ಮಾತಾಡಿದವು. ಆ ಉರಿಯ ನಡುವೆಯೇ ಅವಳ ಕುತ್ತಿಗೆಗೆ ಜಿಂಕೆಯ ತಣ್ಣನೆಯ ಒದ್ದೆ ಮೂತಿ ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಗೋಪುರ ಹತ್ತಿದಳು. ಮೆಟ್ಟಿಲ ಮೇಲೆ ಸುಣ್ಣಗಿರಿಯ ಜನ ಕಲ್ಲು ಹೊತ್ತು ಸಾಗುತ್ತಿದ್ದರು. ಕೆಲವರ ಕಾಲು ತಿರುಚಿತ್ತು, ಕೆಲವರ ಭುಜ ಜಾರಿ ತೋಳು ಜೋತಾಡುತ್ತಿತ್ತು. ಎಲ್ಲರ ಮುಖದಲ್ಲೂ ನಿದ್ದೆಯಲ್ಲಿ ಮೂಡುವಂಥ ನಗು. ಭರಮಣ್ಣ ತಂಗಿಯನ್ನು ನೋಡಿ ತಲೆದೂಗಿ, ಕಲ್ಲು ಇಳಿಸದೆ ಮುಂದೆ ಹೋದ.

ತುದಿಯ ಕೋಣೆಯಲ್ಲಿ ಜೋಮರಾಯ ದಿಂಬಿಗೊರಗಿ ಕೂತಿದ್ದ. ಪಕ್ಕದಲ್ಲಿ ಬಿಳಿ ಕಂಬಳಿ, ಅದರ ಒಂದು ಮೂಲೆಯಲ್ಲಿ ಹಳೆಯದೊಂದು ಗಂಟು. ಮೂರು ಕಾವಲು ದಾಟಿ ಬಂದೆಯಲ್ಲ, ಯಾವ ಆಯುಧ ತಂದಿದ್ದೀಯ ಎಂದು ಕೇಳಿದ. ತನಗೆ ಕಾದಾಡುವುದು ಬರುವುದಿಲ್ಲ, ಮೂಳೆ ಕೂಡಿಸುವುದಷ್ಟೇ ಬರುತ್ತದೆ, ಅಣ್ಣನನ್ನೂ ಊರಿನವರನ್ನೂ ಕಳಿಸಿಕೊಡಿ ಎಂದಳು. ಅವಳನ್ನು ಕಲ್ಲು ಮಾಡಿಬಿಡುತ್ತೇನೆಂದು ಜೋಮರಾಯ ಮಂತ್ರದಂಡ ಹಿಡಿದು ಎದ್ದ. ಎದ್ದವನ ಕಾಲು ಬಟ್ಟೆಯ ಹಾಗೆ ಮಡಿಸಿಕೊಂಡಿತು. ದಂಡ ಕೈಯಿಂದ ಉರುಳಿತು. ಏನಾಯಿತೆಂದು ತಿಳಿಯದೆ ಅವನು ನೆಲದ ಮೇಲಿಂದ ಅವಳನ್ನೇ ನೋಡಿದ.

ಅಭ್ಯಾಸಬಲದಿಂದ ಪುಟ್ಟೀರಿ ಮಂಡಿಯೂರಿ ಅವನ ಕಾಲು, ಸೊಂಟ, ಪಕ್ಕೆ ತಡವಿ ನೋಡಿದಳು. ಕೈಯ ರೇಷ್ಮೆ ಚೀಲ ತೆಗೆದಳು. ಒಳಗೆ ಬೆರಳುಗಳೇ ಇರಲಿಲ್ಲ. ಎಂದೋ ಸುಟ್ಟು, ಸವೆದು, ಉದುರಿ, ಮೊಂಡಾಗಿದ್ದವು. ಆ ಮೊಂಡಿಗೆ ಬಂಗಾರದ ತಂತಿಯಲ್ಲಿ ದಂಡ ಕಟ್ಟಿದ್ದ ಗುರುತಿತ್ತು. ತಂತಿ ಹರಿದಿತ್ತು.

“ಸ್ವಾಮಿ, ನಿಮ್ಮ ಸೊಂಟದ ಕೀಲು ಜಾರಿ ನಲವತ್ತು ವರ್ಷವಾಗಿರಬೇಕು. ಪಕ್ಕೆಲುಬು ಆರು ಮುರಿದಿವೆ. ಪಾದದಲ್ಲಿ ಮೂಳೆ ಉಳಿದೇ ಇಲ್ಲ. ನಿಮಗೆ ಗೊತ್ತಿರಲಿಲ್ಲವೇ?”

ಜೋಮರಾಯನಿಗೆ ಗೊತ್ತಿರಲಿಲ್ಲ. ನೂರು ವರ್ಷದ ಕೆಳಗೆ ಅವನು ಮೊದಲು ತೆಗೆದದ್ದು ತನ್ನ ನೋವನ್ನೇ. ಅದನ್ನು ಕಂಬಳಿಯ ಮೂಲೆಯಲ್ಲಿ ಗಂಟು ಹಾಕಿ ಮರೆತಿದ್ದ. ಸರಿಮಾಡು, ನಿನ್ನ ಜನರನ್ನೆಲ್ಲ ಬಿಡುತ್ತೇನೆ ಎಂದ. ನೋವು ಎಲ್ಲೆಲ್ಲಿದೆ ಎಂದು ನೀವು ಹೇಳದೆ ನನ್ನ ಕೈಗೆ ದಾರಿ ಸಿಗುವುದಿಲ್ಲ ಎಂದಳು ಪುಟ್ಟೀರಿ. ಹಾಗಾದರೆ ಗಂಟು ಬಿಚ್ಚು ಎಂದ.

“ನೂರು ವರ್ಷದ್ದು ಒಟ್ಟಿಗೆ ಬರುತ್ತದೆ. ನಿಮ್ಮ ಮೈ ತಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಿಚ್ಚಬೇಡಿ ಅಂತಲೇ ನಾನು ಹೇಳುವುದು.”

“ನೋವು ಅಂದರೆ ಕೂಲಿಯವರು ಅಳುವುದಕ್ಕೆ ಮಾಡಿಕೊಂಡ ನೆಪ,” ಎಂದ ಜೋಮರಾಯ. ಹಲ್ಲಿನಿಂದಲೇ ಗಂಟು ಕಚ್ಚಿ ಎಳೆದ.

ಗಂಟು ಬಿಚ್ಚಿತು. ಜೋಮರಾಯನ ಮೇಣದ ಮುಖ ಬಿರಿಯಿತು. ಒಳಗಿಂದ ಬಹಳ ಮುದುಕನಾದ ಒಬ್ಬ ಮನುಷ್ಯನ ಮುಖ ಕಾಣಿಸಿತು. ಅವನು ಅಮ್ಮಾ ಎಂದ. ನೂರು ವರ್ಷದ ಮೇಲೆ ಆ ಮಾತು ಅವನ ಬಾಯಿಂದ ಬಂತು. ಪುಟ್ಟೀರಿ ಅವನ ಸೊಂಟ ಹಿಡಿದು, ಕಾಲೆಳೆದು, ಜಾರಿದ ಕೀಲನ್ನು ಕೂರಿಸಿದಳು. ಅಲ್ಲೇ, ಅಲ್ಲೇ ನೋಯುತ್ತಿತ್ತು ಎಂದ ಅವನು. ಹಾಗೆನ್ನುತ್ತ ಅವಳ ತೊಡೆಯ ಮೇಲೆ ತಲೆಯಿಟ್ಟು ಮೂರು ಸಲ ಉಸಿರಾಡಿದ. ನಾಲ್ಕನೆಯದು ಬರಲಿಲ್ಲ. ನೋಡನೋಡುತ್ತಿದ್ದಂತೆ ಮೈ ಸುಣ್ಣದ ಪುಡಿಯಾಗಿ ರೇಷ್ಮೆ ಬಟ್ಟೆಯೊಳಗೆ ಉದುರಿತು. ದಂಡ ಒಣಕಟ್ಟಿಗೆಯಾಯಿತು.

ಪುಟ್ಟೀರಿ ಕಂಬಳಿಯನ್ನು ಗೋಪುರದ ಕೆಳಗೆ ಹಾಸಿ, ಅದರ ಮೇಲೆ ಅಂಗೈಯೂರಿ ಕೂತಳು. ಅವಳ ಮೈಯಲ್ಲಿ ಮಲಗಿದ್ದ ಜನರ ನೋವೆಲ್ಲ ಇಳಿದು ಕಂಬಳಿ ತುಂಬಿತು. ಅವಳ ಪಾಲಿನದು ಮಾತ್ರ ಅವಳಲ್ಲೇ ಉಳಿಯಿತು. ಜೋಮರಾಯ ಇಲ್ಲ, ಇನ್ನು ಕಲ್ಲು ಹೊರಬೇಕಿಲ್ಲ, ಪಶ್ಚಿಮದಿಂದ ಪೂರ್ವಕ್ಕೆ ದಾಟಿ ಬನ್ನಿ ಎಂದು ಕರೆದಳು. ಜನ ಕಲ್ಲು ಇಳಿಸಿ ನಿಂತರು. ಆದರೆ ಯಾರೂ ದಾಟಲಿಲ್ಲ. ಆಚೆ ದಡದಲ್ಲಿ ಏನಿದೆ ಎಂದು ಅವರಿಗೆ ನೆನಪಿತ್ತು.

“ಬೇಡ ತಂಗಿ,” ಎಂದ ಭರಮಣ್ಣ. “ಹಾಯಾಗಿದ್ದೀನಿ. ಈ ಕೈ ನೋಡು, ಇಷ್ಟು ಜಜ್ಜಿದೆ. ದಾಟಿದರೆ ಇದೆಲ್ಲ ನೋಯುತ್ತದೆ.”

“ನೋಯುತ್ತದೆ ಅಣ್ಣ.”

“ಮತ್ತೆ ಯಾಕೆ ದಾಟಬೇಕು?”

ಪುಟ್ಟೀರಿ ಕಂಬಳಿಯ ಅಂಚು ಬಳಸಿ ಬಂದು, ಅಣ್ಣನನ್ನು ಕೂರಿಸಿ ಪಕ್ಕದಲ್ಲಿ ಕೂತಳು. ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಬೆಟ್ಟದ ಕಡೆ ನೋಡುತ್ತಿದ್ದ. ಬಹಳ ಹೊತ್ತಾದ ಮೇಲೆ ಪಕ್ಕಕ್ಕೆ ತಿರುಗಿದಾಗ ಅವಳ ತೋಳು ತನ್ನ ಬೆನ್ನ ಹಿಂದೆ ಹೋಗಿದ್ದು ಕಂಡಿತು.

“ಯಾವಾಗಿನಿಂದ ಕೈ ಇಟ್ಟಿದ್ದೀಯ?” ಎಂದು ಕೇಳಿದ.

“ಕೂತಾಗಿನಿಂದ.”

ಭರಮಣ್ಣನ ನಗು ಮೆಲ್ಲಗೆ ಇಳಿಯಿತು. ಅವನು ತನ್ನ ಜಜ್ಜಿದ ಬೆರಳುಗಳನ್ನು ನೋಡಿದ, ತಂಗಿಯ ಬೊಬ್ಬೆಯೆದ್ದ ಮುಂಗೈ ನೋಡಿದ. ಎದ್ದು ಕಂಬಳಿಯ ಹತ್ತಿರ ಹೋಗಿ ಕಣ್ಣು ಮುಚ್ಚಿ ದಾಟಿದ. ಆಚೆ ದಡದಲ್ಲಿ ಕುಸಿದು ಬಿದ್ದು ಹೊರಳಾಡಿದ. ಪುಟ್ಟೀರಿ ಓಡಿ ಬಂದು ಅವನನ್ನು ತಬ್ಬಿಕೊಂಡಳು. ಈಗ ಗೊತ್ತಾಗುತ್ತಿದೆ ಎಂದ ಅವನು ಹಲ್ಲು ಕಚ್ಚಿಕೊಂಡು. ಕೈಯೋ, ನೋವೋ, ಯಾವುದು ಎಂದು ಅವಳು ಕೇಳಲಿಲ್ಲ. ಅದನ್ನು ನೋಡಿ ಇನ್ನೊಬ್ಬರು ದಾಟಿದರು, ಮತ್ತೊಬ್ಬರು ದಾಟಿದರು. ಎರಡು ತಿಂಗಳು ಅಲ್ಲೇ ಉಳಿದು ಪುಟ್ಟೀರಿ ಎಲ್ಲರಿಗೂ ಕಟ್ಟು ಹಾಕಿದಳು. ನಡೆಯಲಾರದವರನ್ನು, ಅಷ್ಟರಲ್ಲಿ ಕಾಲು ಕೂಡಿದ್ದ ಆನೆ ಹೊತ್ತು ತಂದಿತು.

ಸುಣ್ಣಗಿರಿಯ ಅಂಗಳದಲ್ಲಿ ಮತ್ತೆ ಕಂಬಳಿ ಹಾಸಿದಾಗ ಜನ ಹಿಂದೆ ಸರಿದು ದೊರೆಯ ಮುಖ ನೋಡಿದರು. ಮಾನಭೂಪನ ಕಾಲು ಬಿಲ್ಲಿನ ಹಾಗೆ ಬಾಗಿ ಕೂಡಿತ್ತು. ಇದನ್ನು ಮತ್ತೆ ಮುರಿಯಬೇಕಾಗುತ್ತದೆಯೇ ಎಂದು ಕೇಳಿದ. ಹೌದು ಮಹಾಸ್ವಾಮಿ, ನಲವತ್ತೆಂಟು ದಿನ ಮಲಗಬೇಕು ಎಂದಳು ಪುಟ್ಟೀರಿ. ಎಲ್ಲರಿಗೂ ಈ ಕೇಡು ತಂದವನು ನಾನೇ ಎಂದು ದೊರೆ ಗಟ್ಟಿಯಾಗಿ ಹೇಳಿ, ಯಾರ ಹೆಗಲನ್ನೂ ಹಿಡಿಯದೆ, ಮೊದಲು ತಾನು ದಾಟಿದ.

ಅವನ ಹಿಂದೆ ಊರು ದಾಟಿತು. ಸಾತವ್ವ ಸುಟ್ಟ ಕೈ ಎದೆಗೊತ್ತಿಕೊಂಡು ದಾಟಿದಳು. ಕೊನೆಗೆ ಆ ಬಾಣಂತಿ ಕೂಸನ್ನು ಎತ್ತಿಕೊಂಡು ದಾಟಿದಳು. ಕೂಸು ಒಂದು ಕ್ಷಣ ಸುಮ್ಮನಿದ್ದು, ಮುಖ ಕೆಂಪಗೆ ಮಾಡಿ, ಇಡೀ ಬೀದಿಗೆ ಕೇಳುವಂತೆ ಅತ್ತಿತು. ತಾಯಿ ಎದೆಗವುಚಿಕೊಂಡಳು. ಅಳು ನಿಂತಿತು.

ಆ ದಿನ ಸುಣ್ಣಗಿರಿಯಲ್ಲಿ ನರಳದವರಿಲ್ಲ. ಗೋಡೆ ಹಿಡಿದು, ಒಬ್ಬರನ್ನೊಬ್ಬರು ಆತುಕೊಂಡು ಮನೆ ಸೇರಿದರು. ಸಂಜೆಗೆ ಒಲೆಗಳು ಹೊತ್ತಿದವು. ಕುದಿಯುವ ಅಂಬಲಿಯನ್ನು ತಟ್ಟೆಗೆ ಬಡಿಸಿಕೊಂಡು, ಬೆರಳದ್ದಿ ಸುಟ್ಟುಕೊಂಡು, ನಗುತ್ತ, ಊದಿ ಊದಿ ಕುಡಿದರು. ಬಹಳ ದಿನದ ಮೇಲೆ ಅವರಿಗೆ ಬಿಸಿ ಎಂಬುದು ತಿಳಿದಿತ್ತು. ಮೂಳೆಗಳು ತಮ್ಮ ಸಮಯಕ್ಕೆ ಕೂಡಿದವು, ಗಾಯಗಳು ತಮ್ಮ ಸಮಯಕ್ಕೆ ಮಾದವು. ಅಲ್ಲಿಂದ ಮುಂದೆ ದೊರೆಯೂ ಪ್ರಜೆಗಳೂ ಪುಟ್ಟೀರಿಯೂ ಅವಳ ಅಣ್ಣನೂ ಬಹುಕಾಲ ಸುಖವಾಗಿ ಬಾಳಿದರು, ಎಲ್ಲಿ ನೋಯುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ.